ಬಂದರಿನಲ್ಲಿ ಇಳಿದವರು ಹಡಗಿಗೆ ಹೊತ್ತಿಗೆ ಸರಿಯಾಗಿ ಮರಳಲು ಯಾವ ದಾರಿ ಹಿಡಿಯಬೇಕು?

ಕ್ರೂಸ್ ಬುಕ್ ಮಾಡುವಾಗ ಬಾಲ್ಕನಿ ಇರುವ ಕೋಣೆ ಬೇಕೋ, ಕಿಟಕಿ ಇದ್ದರೆ ಸಾಕೋ ಎಂದು ಮನೆಮಂದಿಯೆಲ್ಲ ವಾರಗಟ್ಟಲೆ ಚರ್ಚೆ ಮಾಡುತ್ತಾರೆ. ಬಂದರಿನಲ್ಲಿ ಹಡಗು ನಿಲ್ಲುವ ಎಂಟು-ಹತ್ತು ತಾಸಿನಲ್ಲಿ ಎಲ್ಲಿಗೆ ಹೋಗಬೇಕು, ಹೇಗೆ ವಾಪಸು ಬರಬೇಕು ಎನ್ನುವುದನ್ನು ಮಾತ್ರ ಹಡಗಿನಿಂದ ಇಳಿಯುವಾಗ, ಅಲ್ಲೇ ನಿಂತ ಟ್ಯಾಕ್ಸಿಯವರ ಮಾತು ಕೇಳಿ ನಿರ್ಧರಿಸುತ್ತಾರೆ. ಇಡೀ ಪ್ರವಾಸದಲ್ಲಿ ಅತಿ ದುಬಾರಿ ತಪ್ಪು ಆಗುವುದು ಅಲ್ಲಿಯೇ. ನಮ್ಮ ಕಡೆ ಹೊರಟ ಬಸ್ಸಿಗೆ ಓಡಿಹೋಗಿ ಕೈ ಮಾಡಿದರೆ ಕಂಡಕ್ಟರ್ ಸೀಟಿ ಹೊಡೆದು ನಿಲ್ಲಿಸುತ್ತಾನೆ. ಹಗ್ಗ ಬಿಚ್ಚಿದ ಹಡಗು ಹಾಗೆ ನಿಲ್ಲುವುದಿಲ್ಲ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಹೋಗುವವರ ಮುಂದೆ ಸಾಮಾನ್ಯವಾಗಿ ಮೂರು ಬಗೆಯ ಕ್ರೂಸ್‌ಗಳಿರುತ್ತವೆ. ಮುಂಬೈಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆಗೆ ಹೋಗುವುದು ಒಂದು. ಸಿಂಗಾಪುರದಿಂದ ಪೆನಾಂಗ್, ಪೋರ್ಟ್ ಕ್ಲಾಂಗ್, ಫುಕೆಟ್ ಕಡೆಗೆ ಹೋಗುವುದು ಇನ್ನೊಂದು. ಮಕ್ಕಳು ಯೂರೋಪಿನಲ್ಲಿದ್ದವರು ಆರಿಸುವ ಇಟಲಿ-ಗ್ರೀಸ್ ಸುತ್ತು ಮೂರನೆಯದು. ಮೂರರಲ್ಲೂ ದಡಕ್ಕಿಳಿದ ಮೇಲೆ ತಿರುಗಾಡಲು ಇರುವ ದಾರಿಗಳು ಅವೇ: ಹಡಗಿನವರ ಟೂರ್, ಹೊರಗಿನ ಏಜೆಂಟರ ಟೂರ್, ನಾವೇ ಮಾಡಿಕೊಂಡ ಟ್ಯಾಕ್ಸಿ, ರೈಲು-ಬಸ್ಸು, ಕಾಲ್ನಡಿಗೆ. ಹೆಚ್ಚಿನವರು ಇವನ್ನು ರೊಕ್ಕದ ಮೇಲೆ ಹೋಲಿಸುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಗಾಡಿ ಕೆಟ್ಟರೆ, ರಸ್ತೆ ಬಂದಾದರೆ, ಗುಂಪಿನಲ್ಲಿ ಒಬ್ಬರು ತಪ್ಪಿಸಿಕೊಂಡರೆ ಯಾವ ದಾರಿಯಲ್ಲಿ ಹಡಗು ನಮಗಾಗಿ ಕಾಯುತ್ತದೆ, ಯಾವುದರಲ್ಲಿ ಕಾಯುವುದಿಲ್ಲ? ಅದು ತಿಳಿದರೆ ಯಾವ ಬಂದರಿನಲ್ಲಿ ಎಷ್ಟು ದೂರ ಹೋಗಬಹುದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಹೊತ್ತಿನ ಲೆಕ್ಕ

ಕಾರ್ಯಕ್ರಮ ಪಟ್ಟಿಯಲ್ಲಿ 'ಬೆಳಿಗ್ಗೆ 8ರಿಂದ ಸಂಜೆ 6' ಎಂದು ಇರುತ್ತದೆ. ಹತ್ತು ತಾಸು ಸಿಕ್ಕಿತು ಎಂದು ತಿಳಿಯಬೇಡಿ. ಎಂಟಕ್ಕೆ ಹಡಗು ದಕ್ಕೆಗೆ ಬರುತ್ತದೆ. ಆಮೇಲೆ ಹಗ್ಗ ಕಟ್ಟಬೇಕು, ಏಣಿ ಇಳಿಸಬೇಕು, ಬಂದರಿನ ಅಧಿಕಾರಿಗಳು ಕಾಗದಪತ್ರ ನೋಡಿ ಅನುಮತಿ ಕೊಡಬೇಕು. ಪ್ರಯಾಣಿಕರು ನೆಲಕ್ಕೆ ಕಾಲಿಡುವ ಹೊತ್ತಿಗೆ ಅರ್ಧದಿಂದ ಒಂದು ತಾಸು ಕಳೆದಿರುತ್ತದೆ. ಸಂಜೆ ಆರು ಎಂಬುದು ಹಡಗು ಹೊರಡುವ ಹೊತ್ತು. ಎಲ್ಲರೂ ಹತ್ತಿರಬೇಕಾದ ಹೊತ್ತನ್ನು ಹಡಗಿನವರು 'ಆಲ್ ಅಬೋರ್ಡ್' ಎನ್ನುತ್ತಾರೆ. ಅದು ಅರ್ಧ ತಾಸು, ಕೆಲವೆಡೆ ಒಂದು ತಾಸು ಮೊದಲೇ ಇರುತ್ತದೆ. ನಮ್ಮ ಲೆಕ್ಕಕ್ಕೆ ಬೇಕಾದದ್ದು ಈ ಆಲ್ ಅಬೋರ್ಡ್ ಹೊತ್ತು ಮಾತ್ರ. ಹಿಂದಿನ ರಾತ್ರಿ ಕೋಣೆಗೆ ಬರುವ ಹಾಳೆಯಲ್ಲಿ ಅಥವಾ ಹಡಗಿನ ಆ್ಯಪ್‌ನಲ್ಲಿ ಅದು ಇರುತ್ತದೆ, ಇಳಿಯುವ ಬಾಗಿಲ ಬಳಿಯ ಫಲಕದಲ್ಲೂ ಬರೆದಿರುತ್ತಾರೆ. ಆ ಫಲಕದ ಫೋಟೊ ಹೊಡೆದುಕೊಂಡೇ ಇಳಿಯಿರಿ. ಹವಾಮಾನ ನೋಡಿ ಕ್ಯಾಪ್ಟನ್ ಹೊತ್ತು ಬದಲಿಸುವುದುಂಟು. ಟಿಕೆಟ್ ತೆಗೆಸಿದಾಗ ಬಂದ ಕಾಗದದಲ್ಲಿರುವ ಹೊತ್ತು ಆಗ ಲೆಕ್ಕಕ್ಕೆ ಬರುವುದಿಲ್ಲ.

ಈಗ ಹಿಂದಿನಿಂದ ಮುಂದಕ್ಕೆ ಕಳೆಯುತ್ತ ಬನ್ನಿ. ಆಲ್ ಅಬೋರ್ಡ್ ಹೊತ್ತಿನಿಂದ ಮೊದಲು ಅರ್ಧ ತಾಸು ತೆಗೆಯಿರಿ. ಅದು ಬಂದರಿನ ಗೇಟಿನಿಂದ ಹಡಗಿನ ಏಣಿಯವರೆಗಿನ ಖರ್ಚು. ಗೇಟಿನಲ್ಲಿ ಗುರುತಿನ ಚೀಟಿ ನೋಡುತ್ತಾರೆ, ಹಲವೆಡೆ ಅಲ್ಲಿಂದ ಮುಂದೆ ಬಂದರಿನ ಬಸ್ಸಿನಲ್ಲೇ ಹೋಗಬೇಕು, ಏಣಿಯ ಬಳಿ ಚೀಲಗಳನ್ನು ಎಕ್ಸ್‌ರೇಗೆ ಹಾಕಬೇಕು. ಕೊನೆಯ ಮುಕ್ಕಾಲು ತಾಸಿನಲ್ಲಿ ಅರ್ಧ ಹಡಗೇ ಆ ಸಾಲಿನಲ್ಲಿ ನಿಂತಿರುತ್ತದೆ. ಆಮೇಲೆ ಪ್ರಯಾಣದ ಹೊತ್ತನ್ನು ತೆಗೆಯಿರಿ, ಆದರೆ ಫೋನಿನ ಮ್ಯಾಪ್ ಬೆಳಿಗ್ಗೆ ತೋರಿಸಿದ್ದನ್ನು ಒಂದೂವರೆ ಪಟ್ಟು ಮಾಡಿ. ಬೆಳಗಿನ ಖಾಲಿ ರಸ್ತೆಯೂ ಮಧ್ಯಾಹ್ನ ಮೂರರ ರಸ್ತೆಯೂ ಒಂದೇ ಅಲ್ಲ. ಕೊನೆಗೆ ಒಂದು ತಾಸನ್ನು ಕೈಯಲ್ಲಿ ಉಳಿಸಿಕೊಳ್ಳಿ. ಉಳಿದ ಹೊತ್ತೇ ನಿಮ್ಮ ಕೊನೆಯ ಸ್ಥಳದಿಂದ ಗಾಡಿ ಹೊರಡಲೇಬೇಕಾದ ಹೊತ್ತು.

ಕೊಚ್ಚಿಯ ಲೆಕ್ಕ ಮಾಡಿ ನೋಡೋಣ. ಹಡಗು ಸಂಜೆ 6ಕ್ಕೆ ಹೊರಡುತ್ತದೆ, ಆಲ್ ಅಬೋರ್ಡ್ 5ಕ್ಕೆ ಎಂದುಕೊಳ್ಳಿ. ಆಲಪ್ಪುಳಕ್ಕೆ ಹೋಗಿ ಹೌಸ್‌ಬೋಟ್ ಹತ್ತುವ ಆಸೆ. ದೂರ ಸುಮಾರು 55 ಕಿ.ಮೀ., ಮ್ಯಾಪ್ ಒಂದೂವರೆ ತಾಸು ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅದು ಎರಡೂಕಾಲು ತಾಸು. ಗೇಟಿನ ಅರ್ಧ ತಾಸು, ಕೈಯಲ್ಲಿರಬೇಕಾದ ಒಂದು ತಾಸು ಸೇರಿಸಿದರೆ ಮೂರೂಮುಕ್ಕಾಲು. ಅಂದರೆ ಮಧ್ಯಾಹ್ನ 1.15ಕ್ಕೆ ಆಲಪ್ಪುಳ ಬಿಡಬೇಕು. ಬೆಳಿಗ್ಗೆ 9ಕ್ಕೆ ಇಳಿದು ಹೊರಟರೆ ತಲುಪುವುದೇ ಹತ್ತೂವರೆಯಿಂದ ಹನ್ನೊಂದೂಕಾಲರ ನಡುವೆ. ನೀರಿನ ಮೇಲೆ ಸಿಗುವುದು ಎರಡು ತಾಸು, ಹೆಚ್ಚೆಂದರೆ ಎರಡೂಮುಕ್ಕಾಲು. ಹೌಸ್‌ಬೋಟಿನವರು ಅಷ್ಟು ಹೊತ್ತಿಗೆ ಇನ್ನೂ ಊಟ ಬಡಿಸುತ್ತಿರುತ್ತಾರೆ. ಇಷ್ಟನ್ನು ಕಾಗದದ ಮೇಲೆ ಬರೆದು ನೋಡಿದವರು ಆ ದಿನ ಆಲಪ್ಪುಳದ ಆಸೆ ಬಿಡುತ್ತಾರೆ, ಇಲ್ಲವೇ ಹಡಗಿನ ಟೂರ್ ತೆಗೆದುಕೊಳ್ಳುತ್ತಾರೆ. ಎರಡೂ ಸರಿಯೇ.

ಯಾವ ಗಡಿಯಾರ?

ಹಡಗು ತಪ್ಪಿಸಿಕೊಳ್ಳುವವರೆಲ್ಲ ಸೋಮಾರಿಗಳಲ್ಲ. ಫೋನಿನ ಗಡಿಯಾರವನ್ನು ನಂಬಿ ಕೆಟ್ಟವರೂ ಇದ್ದಾರೆ. ಸಿಂಗಾಪುರ, ಮಲೇಷ್ಯಾದ ಸಮಯ ಭಾರತಕ್ಕಿಂತ ಎರಡೂವರೆ ತಾಸು ಮುಂದು. ಥಾಯ್ಲೆಂಡ್ ಒಂದೂವರೆ ತಾಸು ಮಾತ್ರ ಮುಂದು. ಸಿಂಗಾಪುರದಿಂದ ಹೊರಟ ಹಡಗು ಫುಕೆಟ್‌ನಲ್ಲಿ ನಿಂತಾಗಲೂ ತನ್ನ ಗಡಿಯಾರವನ್ನು ಸಿಂಗಾಪುರದ ಸಮಯದಲ್ಲೇ ಇಟ್ಟುಕೊಳ್ಳಬಹುದು. ಪ್ರಯಾಣಿಕನ ಫೋನ್ ಮಾತ್ರ ದಡದ ಸಿಗ್ನಲ್ ಹಿಡಿದ ಕೂಡಲೇ ಥಾಯ್ ಸಮಯಕ್ಕೆ ಬದಲಾಗಿ ಒಂದು ತಾಸು ಹಿಂದೆ ಹೋಗುತ್ತದೆ. ಆಲ್ ಅಬೋರ್ಡ್ 4.30 ಎಂದಿದ್ದರೆ ಫೋನಿನಲ್ಲಿ 3.30 ಆದಾಗಲೇ ಬಾಗಿಲು ಮುಚ್ಚುವ ಹೊತ್ತು. ಫೋನ್ ನೋಡಿಕೊಂಡು ನಾಲ್ಕಕ್ಕೆ ಸಮಾಧಾನದಿಂದ ಚಹಾ ಕುಡಿಯುತ್ತ ಕುಳಿತವರಿಗೆ ಹಡಗು ಸಿಗುವುದಿಲ್ಲ. ದುಬೈಯಿಂದ ದೋಹಾಕ್ಕೆ, ಗ್ರೀಸ್‌ನಿಂದ ಇಟಲಿಗೆ ಬರುವಾಗಲೂ ಇದೇ ತೊಡಕು. ಅಲ್ಲಿಯೂ ದಡದ ಸಮಯ ಒಂದು ತಾಸು ಹಿಂದಿರುತ್ತದೆ. ಕೆಲವು ಹಡಗುಗಳು ಬಂದರಿನ ಸಮಯಕ್ಕೆ ತಾವೇ ಗಡಿಯಾರ ಬದಲಿಸುತ್ತವೆ, ಕೆಲವು ಬದಲಿಸುವುದಿಲ್ಲ. ಆದ್ದರಿಂದ ಪ್ರತಿ ಬಂದರಿನಲ್ಲೂ ಇಳಿಯುವಾಗ ಬಾಗಿಲ ಬಳಿಯ ಸಿಬ್ಬಂದಿಯನ್ನು ಕೇಳಿ: ಹಡಗಿನ ಗಡಿಯಾರದಲ್ಲಿ ಈಗ ಎಷ್ಟು ಗಂಟೆ?

ಇದಕ್ಕೆ ಅಗ್ಗದ ಮದ್ದು ಮುಳ್ಳಿನ ಕೈಗಡಿಯಾರ. ಅದನ್ನು ಹಡಗಿನ ಸಮಯಕ್ಕೆ ಹೊಂದಿಸಿ ಗುಂಪಿನ ಒಬ್ಬರ ಕೈಗೆ ಕಟ್ಟಿ. ಫೋನೇ ಸಾಕು ಎನ್ನುವವರು ಸೆಟ್ಟಿಂಗ್ಸ್‌ಗೆ ಹೋಗಿ ಸಮಯ ತಾನಾಗಿ ಬದಲಾಗುವುದನ್ನು ನಿಲ್ಲಿಸಬೇಕು. ಮುಂಬೈ, ಗೋವಾ, ಲಕ್ಷದ್ವೀಪ, ಕೊಚ್ಚಿ, ಶ್ರೀಲಂಕಾ ಸುತ್ತಿನಲ್ಲಿ ಈ ಚಿಂತೆಯೇ ಇಲ್ಲ. ಎಲ್ಲ ಕಡೆ ಒಂದೇ ಸಮಯ. ಮೊದಲ ಸಲ ಕ್ರೂಸ್‌ಗೆ ಹೋಗುವ ಹಿರಿಯರಿಗೆ ಈ ಸುತ್ತು ಹಿತವೆನ್ನಲು ಇದೂ ಒಂದು ಕಾರಣ.

ಹಡಗಿನ ಟೂರ್, ಹೊರಗಿನ ಟೂರ್

ಹಡಗಿನವರು ಮಾರುವ ಟೂರ್ ಹೆಚ್ಚಾಗಿ ಹೊರಗಿನದಕ್ಕಿಂತ ದುಬಾರಿ. ನಲವತ್ತು ಜನರ ಬಸ್ಸು, ನಡುವೆ ಅಂಗಡಿಯ ಮುಂದೆ ನಿಲುಗಡೆ, ಕೈಯಲ್ಲಿ ಬಾವುಟ ಹಿಡಿದ ಗೈಡ್. ಆದರೂ ಆ ಹೆಚ್ಚಿನ ಹಣಕ್ಕೆ ಒಂದು ಭರವಸೆ ಸಿಗುತ್ತದೆ. ಬಸ್ಸು ತಡವಾದರೆ ಹಡಗು ಕಾಯುತ್ತದೆ. ಕಾಯಲು ಸಾಧ್ಯವೇ ಇಲ್ಲವಾದರೆ ಮುಂದಿನ ಬಂದರಿಗೆ ನಿಮ್ಮನ್ನು ತಲುಪಿಸುವ ವ್ಯವಸ್ಥೆಯನ್ನೂ ಖರ್ಚನ್ನೂ ಹಡಗಿನ ಕಂಪನಿಯೇ ನೋಡಿಕೊಳ್ಳುತ್ತದೆ. ಬಸ್ಸಿನಲ್ಲಿ ಎಷ್ಟು ಜನ ಇದ್ದಾರೆ, ಎಲ್ಲಿದ್ದಾರೆ ಎಂಬುದು ಹಡಗಿಗೆ ಗೊತ್ತಿರುತ್ತದೆ, ಗೈಡ್ ಫೋನಿನಲ್ಲಿ ಸಂಪರ್ಕದಲ್ಲಿರುತ್ತಾನೆ. ಒಬ್ಬಂಟಿ ಟ್ಯಾಕ್ಸಿಯಲ್ಲಿರುವ ನಾಲ್ವರ ಬಗ್ಗೆ ಹಾಗೆ ಯಾರಿಗೂ ತಿಳಿದಿರುವುದಿಲ್ಲ.

ಈ ಭರವಸೆಗೆ ಒಂದು ಶರತ್ತಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಗುಂಪಿನ ಜೊತೆಗಿದ್ದರೆ ಮಾತ್ರ ಅದು ನಡೆಯುತ್ತದೆ. ದಾರಿಯಲ್ಲಿ ಮಾರುಕಟ್ಟೆ ಕಂಡು 'ನೀವು ಹೋಗಿರಿ, ನಾವು ಆಮೇಲೆ ಬರುತ್ತೇವೆ' ಎಂದು ಬಸ್ಸು ಬಿಟ್ಟರೆ ಆ ಕ್ಷಣದಿಂದ ನೀವು ಸ್ವಂತ ಜವಾಬ್ದಾರಿಯ ಪ್ರಯಾಣಿಕರು. ದೂರದ ಊರುಗಳಿಗೆ ಹಡಗಿನವರು ಬರೀ ಬಸ್ಸನ್ನೂ ಮಾರುತ್ತಾರೆ: ಒಯ್ದು ಬಿಡುತ್ತಾರೆ, ನಾಲ್ಕೈದು ತಾಸು ನೀವೇ ತಿರುಗಿ ಹೇಳಿದ ಜಾಗಕ್ಕೆ ವಾಪಸು ಬರಬೇಕು. ಅಲ್ಲಿಯೂ ಅಷ್ಟೇ. ಬಸ್ಸು ಹತ್ತಿದ ಮೇಲೆ ಹಡಗು ನಿಮ್ಮದು. ಬಸ್ಸೇ ತಪ್ಪಿದರೆ ಯಾರ ಭರವಸೆಯೂ ಇಲ್ಲ. ಗೈಡ್‌ನ ಹಿಂದೆ ಓಡಾಡಲು ಇಷ್ಟವಿಲ್ಲ, ದೂರದ ರಸ್ತೆಯ ಭಯವೂ ಬೇಡ ಎನ್ನುವವರಿಗೆ ಈ ಬಸ್ಸು ನಡುವಿನ ಒಳ್ಳೆಯ ದಾರಿ. ಇದನ್ನು ಕೇಳಿ ತೆಗೆದುಕೊಳ್ಳುವವರು ಕಡಿಮೆ, ನಮ್ಮ ಮಟ್ಟಿಗೆ ಇದು ಇನ್ನೂ ಹೆಚ್ಚು ಜನರಿಗೆ ಒಪ್ಪುವಂಥದ್ದು.

ಹೊರಗಿನ ಟೂರ್ ಸಂಸ್ಥೆಗಳಲ್ಲಿ ಎರಡು ಬಗೆ. ಕ್ರೂಸ್ ಪ್ರಯಾಣಿಕರಿಗಾಗಿಯೇ ಕೆಲಸ ಮಾಡುವವರು ಹಡಗಿನ ಹೆಸರು, ಹೊತ್ತು ಎಲ್ಲ ಕೇಳಿಕೊಂಡೇ ಬುಕ್ ಮಾಡುತ್ತಾರೆ. ಗುಂಪು ಚಿಕ್ಕದು, ಗಾಡಿ ಚಿಕ್ಕದು, ಮಾತು ಕೇಳುತ್ತಾರೆ, ಶಾಕಾಹಾರದ ಊಟ ಹುಡುಕಿಕೊಡುತ್ತಾರೆ. ಇನ್ನೊಂದು ಬಗೆಯವರಿಗೆ ಹಡಗೂ ಒಂದೇ, ಹೋಟೆಲೂ ಒಂದೇ. ಹೋಟೆಲುಗಳಿಂದ ಜನರನ್ನು ಎತ್ತಿಕೊಂಡು ಸಂಜೆ ಆರರವರೆಗೆ ತಿರುಗಿಸುವ ಅದೇ ಟೂರ್‌ಗೆ ನಿಮ್ಮನ್ನೂ ಸೇರಿಸಿಬಿಡುತ್ತಾರೆ. ಬುಕ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ. ಗುಂಪಿನಲ್ಲಿ ಎಲ್ಲರೂ ನಮ್ಮ ಹಡಗಿನವರೇನಾ? ಗಾಡಿ ಎಷ್ಟು ಗಂಟೆಗೆ ಗೇಟಿಗೆ ಮರಳುತ್ತದೆ? ಎರಡನೆಯದಕ್ಕೆ ಗಂಟೆ ಹೇಳದೆ 'ಹೊತ್ತಿಗೆ ಸರಿಯಾಗಿ ಬಿಡುತ್ತೇವೆ' ಎಂದಷ್ಟೇ ಉತ್ತರ ಬಂದರೆ ಬೇರೆಯವರನ್ನು ನೋಡಿ.

'ಹಡಗಿಗೆ ಮರಳಿಸುವ ಗ್ಯಾರಂಟಿ' ಎಂದು ಹೊರಗಿನವರೂ ಬರೆದುಕೊಂಡಿರುತ್ತಾರೆ. ಅದರ ಒಳಗಿನ ಮಾತು ಓದಿ. ತಡವಾದರೆ ಮುಂದಿನ ಬಂದರಿಗೆ ಹೋಗುವ ಖರ್ಚನ್ನು ಅವರು ಕೊಡುತ್ತಾರೆ, ಅಷ್ಟೇ. ಅವರು ಹೇಳಿದರೆಂದು ಹಡಗು ನಿಲ್ಲುವುದಿಲ್ಲ. ಮುಂದಿನ ಬಂದರನ್ನು ಹಿಡಿಯುವುದೂ ಅಂದುಕೊಂಡಷ್ಟು ಸುಲಭವಲ್ಲ. 2024ರ ಮಾರ್ಚ್ ಕೊನೆಯಲ್ಲಿ ಆಫ್ರಿಕಾದ ಸಾವೊ ತೋಮೆ ದ್ವೀಪದಲ್ಲಿ ಖಾಸಗಿ ಟೂರ್‌ಗೆ ಹೋದ ಎಂಟು ಪ್ರಯಾಣಿಕರು ಒಂದು ತಾಸಿಗೂ ಹೆಚ್ಚು ತಡವಾಗಿ ಬಂದು ಹಡಗು ತಪ್ಪಿಸಿಕೊಂಡರು. ದೇಶದಿಂದ ದೇಶಕ್ಕೆ ಅಲೆದು ಗ್ಯಾಂಬಿಯಾಕ್ಕೆ ಹೋದರೆ ಅಲ್ಲಿ ನೀರು ಇಳಿದು ಹಡಗು ಬಂದರಿಗೇ ಬರಲಾಗಲಿಲ್ಲ. ಕೊನೆಗೆ ಸೆನೆಗಲ್‌ನ ಡಾಕಾರ್‌ನಲ್ಲಿ ಅವರಿಗೆ ಹಡಗು ಸಿಕ್ಕಿತು. ಕೈಯಲ್ಲಿ ದುಡ್ಡಿದ್ದರೆ ಮುಂದಿನ ಬಂದರಿಗೆ ವಿಮಾನ ಹತ್ತಿದರಾಯಿತು ಎನ್ನುವವರು ಈ ಘಟನೆಯನ್ನು ನೆನಪಿಡಬೇಕು.

ಹಡಗು ಏಕೆ ಕಾಯುವುದಿಲ್ಲ ಎಂದು ಸಿಟ್ಟಾಗುವವರೂ ಇದ್ದಾರೆ. ಬಂದರಿನಿಂದ ಹಡಗನ್ನು ಹೊರಗೆ ಕರೆದೊಯ್ಯುವ ಪೈಲಟ್, ಬೇಕಾದರೆ ಎಳೆಯುವ ಟಗ್, ದಕ್ಕೆಯ ಜಾಗ, ಇವೆಲ್ಲ ಗಂಟೆ ಹೇಳಿ ಗೊತ್ತು ಮಾಡಿದವು. ಕೆಲವು ಬಂದರುಗಳಲ್ಲಿ ಭರತ-ಇಳಿತ ನೋಡಿಯೇ ಹೊರಡಬೇಕು. ಒಂದು ತಾಸು ತಡವಾದರೆ ಅದನ್ನು ಸಮುದ್ರದಲ್ಲಿ ವೇಗ ಹೆಚ್ಚಿಸಿ ತುಂಬಿಕೊಳ್ಳಬೇಕು, ಅದಕ್ಕೆ ಇಂಧನ ಬಹಳ ಸುರಿಯಬೇಕು. ಸಾವಿರಾರು ಜನರ ಮುಂದಿನ ಬಂದರಿನ ದಿನವನ್ನು ನಾಲ್ಕು ಜನರಿಗಾಗಿ ಕಡಿಮೆ ಮಾಡಲು ಕ್ಯಾಪ್ಟನ್ ಒಪ್ಪುವುದಿಲ್ಲ.

ಟ್ಯಾಕ್ಸಿ, ರೈಲು, ಬಸ್ಸು

ಟ್ಯಾಕ್ಸಿಯಲ್ಲಿ ಹೋಗುವಾಗ ಕೆಡುವುದು ಹೆಚ್ಚಾಗಿ ವಾಪಸು ಬರುವ ಗಾಡಿ. ಬಂದರಿನ ಬಾಗಿಲಲ್ಲಿ ಟ್ಯಾಕ್ಸಿ ಬೇಕಾದಷ್ಟು ನಿಂತಿರುತ್ತವೆ, ದೂರದ ಬೀಚಿನಲ್ಲಿ ಮಧ್ಯಾಹ್ನ ಮೂರಕ್ಕೆ ಒಂದೂ ಇರುವುದಿಲ್ಲ. ಆದ್ದರಿಂದ ಹೋಗಿಬರುವುದಕ್ಕೆ, ಅಲ್ಲಿ ಕಾಯುವುದಕ್ಕೆ ಸೇರಿಸಿ ಒಂದೇ ದರ ಮಾತಾಡಿ, ಪೂರ್ತಿ ಹಣವನ್ನು ಬಂದರಿಗೆ ಮರಳಿದ ಮೇಲೆಯೇ ಕೊಡಿ. ಚಾಲಕನ ನಂಬರನ್ನೂ ಗಾಡಿಯ ನಂಬರ್ ಪ್ಲೇಟಿನ ಫೋಟೊವನ್ನೂ ಇಟ್ಟುಕೊಳ್ಳಿ. ಆ್ಯಪ್ ಟ್ಯಾಕ್ಸಿಗಳಿಗೆ ಬಂದರಿನ ಒಳಗೆ ಪ್ರವೇಶ ಸಿಗುವುದು ಕಡಿಮೆ, ಗೇಟಿನ ಹೊರಗೇ ಬಿಡುತ್ತವೆ. ಅಲ್ಲಿಂದ ಏಣಿಯವರೆಗೆ ಚೀಲ ಹೊತ್ತು ನಡೆಯುವ ಹೊತ್ತು ಲೆಕ್ಕದಲ್ಲಿರಲಿ. ಬಂದರಿನಲ್ಲಿ ಒಂದಕ್ಕಿಂತ ಹೆಚ್ಚು ಗೇಟು ಇದ್ದರೆ ಯಾವ ಗೇಟು, ಯಾವ ಟರ್ಮಿನಲ್ ಎಂದು ಸ್ಥಳೀಯ ಲಿಪಿಯಲ್ಲಿ ಬರೆಸಿಕೊಂಡ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ.

ರೈಲು ಅಗ್ಗ, ರಸ್ತೆಯ ಜಾಮ್ ಅದಕ್ಕೆ ತಾಗುವುದಿಲ್ಲ. ಅದರ ತೊಂದರೆ ಬೇರೆ: ರದ್ದಾದರೆ ಪೂರ್ತಿ ರದ್ದು. ಇಟಲಿಯ ಚಿವಿತಾವೆಕ್ಕಿಯಾ ಬಂದರಿನಿಂದ ರೋಮ್‌ಗೆ ರೈಲಿನಲ್ಲಿ ಹೋಗಿಬರುವವರು ಬಹಳ. ರೋಮ್‌ನ ಮುಖ್ಯ ನಿಲ್ದಾಣದಿಂದ ಸುಮಾರು ಒಂದೂಕಾಲು ತಾಸು. ಇಳಿದ ಮೇಲೆ ಬಂದರಿನ ಬಸ್ಸು ನಿಲ್ಲುವ ಲಾರ್ಗೊ ದೆಲ್ಲಾ ಪಾಚೆಗೆ ಹೋಗಿ ಅಲ್ಲಿಂದ ಹಡಗಿಗೆ ಇನ್ನೊಂದು ಬಸ್ಸು. ಇದಕ್ಕೆಲ್ಲ ಅರ್ಧ ತಾಸಾದರೂ ಇಡಿ. ಇಟಲಿಯಲ್ಲಿ ರೈಲು ಮುಷ್ಕರಗಳು ಮೊದಲೇ ಸಾರಿ ನಡೆಯುತ್ತವೆ. ವಾರದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಕೆಲವು ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಕ್ರೂಸ್ ಪ್ರಯಾಣಿಕನಿಗೆ ಇದು ಬಲೆಯಾಗುತ್ತದೆ. ಬೆಳಿಗ್ಗೆ ಎಂಟರ ರೈಲು ಸಿಕ್ಕಿತೆಂದು ರೋಮ್‌ಗೆ ಹೋದವರಿಗೆ ಮಧ್ಯಾಹ್ನ ಮೂರಕ್ಕೆ ವಾಪಸು ರೈಲೇ ಇರುವುದಿಲ್ಲ. ಮುಷ್ಕರದ ದಿನ ಹಡಗಿನ ಬಸ್ಸನ್ನೇ ಹಿಡಿಯಿರಿ. ಉಳಿದ ದಿನಗಳಲ್ಲಿ ಒಂದು ನಿಯಮ ಸಾಕು: ಹಡಗಿಗೆ ತಲುಪಿಸಬಲ್ಲ ಕೊನೆಯ ರೈಲು ಯಾವುದೆಂದು ನೋಡಿ, ಅದಕ್ಕಿಂತ ಎರಡು ರೈಲು ಮುಂಚಿನದನ್ನು ಹತ್ತಿ.

ಬಂದರಿನ ಹೆಸರೂ ಪ್ರವಾಸದ ಊರಿನ ಹೆಸರೂ ಒಂದೇ ಎಂದು ತಿಳಿಯುವುದು ಇನ್ನೊಂದು ಸಾಮಾನ್ಯ ತಪ್ಪು. ಪಟ್ಟಿಯಲ್ಲಿ 'ರೋಮ್' ಎಂದಿದ್ದರೂ ಹಡಗು ನಿಲ್ಲುವ ಚಿವಿತಾವೆಕ್ಕಿಯಾದಿಂದ ರೋಮ್‌ಗೆ ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಹಾವೇರಿಯಷ್ಟು ದೂರ. 'ಕ್ವಾಲಾಲಂಪುರ' ಎಂದರೆ ಪೋರ್ಟ್ ಕ್ಲಾಂಗ್, ಅಲ್ಲಿಂದ ಪೆಟ್ರೋನಾಸ್ ಗೋಪುರಗಳಿಗೆ ಹುಬ್ಬಳ್ಳಿ-ಗದಗ ಅಂತರ. 'ಫ್ಲಾರೆನ್ಸ್' ಎಂದರೆ ಲಿವೋರ್ನೊ, ಅಲ್ಲಿಂದ ಫ್ಲಾರೆನ್ಸ್‌ಗೆ ಹುಬ್ಬಳ್ಳಿಯಿಂದ ಬೆಳಗಾವಿಯಷ್ಟು ದೂರ. 'ಬ್ಯಾಂಕಾಕ್' ಎಂದು ಮಾರುವ ಲಾಮ್ ಚಬಾಂಗ್ ಬಂದರಿನಿಂದ ಬ್ಯಾಂಕಾಕ್‌ಗೆ ರಾಣೆಬೆನ್ನೂರು ದಾಟಿ ಹರಿಹರ ಮುಟ್ಟುವಷ್ಟು ದೂರ, ಮಹಾನಗರದ ಟ್ರಾಫಿಕ್ ಬೇರೆ. ಈ ನಾಲ್ಕೂ ಕಡೆ ಮೊದಲ ಸಲ ಹೋಗುವವರಿಗೆ ಹಡಗಿನ ಟೂರ್ ಅಥವಾ ಹಡಗಿನ ಬಸ್ಸೇ ಸರಿ. ಅಲ್ಲಿ ಉಳಿಸುವ ರೊಕ್ಕಕ್ಕಿಂತ ಅಪಾಯ ದೊಡ್ಡದು.

ಟೆಂಡರ್ ದೋಣಿ ಇರುವಲ್ಲಿ

ಕೆಲವು ಕಡೆ ಹಡಗು ದಡಕ್ಕೆ ಬರುವುದೇ ಇಲ್ಲ. ಲಕ್ಷದ್ವೀಪದಲ್ಲಿ ಹವಳದ ದಿಬ್ಬದ ಹೊರಗೆ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ಜನರನ್ನು ಒಳಗೆ ಬಿಡುತ್ತಾರೆ, ಈ ದೋಣಿಗೇ ಟೆಂಡರ್ ಎನ್ನುತ್ತಾರೆ. ಫುಕೆಟ್‌ನಲ್ಲಿ ಪಟೋಂಗ್ ಬೀಚಿನ ಎದುರು ನಿಲ್ಲುವ ಹಡಗುಗಳದ್ದೂ ಅದೇ ರೀತಿ. ಇಲ್ಲಿ ಆಲ್ ಅಬೋರ್ಡ್ ಹೊತ್ತನ್ನು ಮರೆತುಬಿಡಿ, ಕೊನೆಯ ಟೆಂಡರ್ ಹೊತ್ತೇ ನಿಮ್ಮ ಗಡುವು. ಅದರಲ್ಲಿಯೂ ಕೊನೆಯ ದೋಣಿಗೆ ಸಾಲು ಉದ್ದ, ಬಿಸಿಲು ಹೆಚ್ಚು, ಅಲೆ ಎದ್ದರೆ ಹಡಗಿನ ಬದಿಗೆ ದೋಣಿಯನ್ನು ಕಟ್ಟಿ ಒಬ್ಬೊಬ್ಬರನ್ನೇ ಕೈಹಿಡಿದು ಹತ್ತಿಸಬೇಕು. ಮೊಣಕಾಲು ನೋವಿನ ಹಿರಿಯರು, ಚಿಕ್ಕ ಮಕ್ಕಳು ಇದ್ದರೆ ಕೊನೆಯದಕ್ಕಿಂತ ಒಂದು ತಾಸು ಮುಂಚಿನ ದೋಣಿಗೆ ಬನ್ನಿ. ಮಧ್ಯಾಹ್ನ ಗಾಳಿ ಏಳುವುದನ್ನು ಕಂಡರೆ ಇನ್ನೂ ಬೇಗ. ಪಟೋಂಗ್‌ನಿಂದ ದೂರದ ದ್ವೀಪಗಳಿಗೆ ಸ್ಪೀಡ್‌ಬೋಟ್‌ನಲ್ಲಿ ಸ್ವಂತವಾಗಿ ಹೋಗುವುದು ನಾವು ಯಾರಿಗೂ ಹೇಳದ ದಾರಿ. ಸಮುದ್ರ ಕೆಟ್ಟರೆ ಅಲ್ಲಿ ಟ್ಯಾಕ್ಸಿ ಸಿಗುವುದಿಲ್ಲ, ರಸ್ತೆಯೂ ಇಲ್ಲ.

ಯಾವ ಬಂದರಿನಲ್ಲಿ ಏನು

ಪೆನಾಂಗ್‌ನಲ್ಲಿ ಧೈರ್ಯವಾಗಿ ಸ್ವಂತ ತಿರುಗಿ. ಸ್ವೆಟೆನ್‌ಹ್ಯಾಮ್ ಪಿಯರ್ ಜಾರ್ಜ್‌ಟೌನ್ ಊರಿನ ಅಂಚಿನಲ್ಲೇ ಇದೆ. ಹತ್ತು ನಿಮಿಷ ನಡೆದರೆ ಕಾರ್ನ್‌ವಾಲಿಸ್ ಕೋಟೆ, ಇನ್ನಷ್ಟು ನಡೆದರೆ ಲಿಟಲ್ ಇಂಡಿಯಾ, ಮಾರಿಯಮ್ಮನ ಗುಡಿ, ಇಡ್ಲಿ-ದೋಸೆಯ ಶಾಕಾಹಾರಿ ಖಾನಾವಳಿಗಳು. ಕಾಲು ಸೋತರೆ ಊರೊಳಗೆ ಉಚಿತ ಬಸ್ಸಿದೆ. ಅಲ್ಲಿ ಹೊತ್ತು ಕೆಡುವುದು ಪೆನಾಂಗ್ ಬೆಟ್ಟದಲ್ಲಿ. ಏರುವಾಗ ಸಾಲು ಕಂಡವರು ಇಳಿಯುವ ರೈಲಿಗೂ ಅಷ್ಟೇ ಸಾಲು ಇರುತ್ತದೆಂದು ಯೋಚಿಸುವುದಿಲ್ಲ. ಬೆಟ್ಟ ಬೇಕಿದ್ದರೆ ಇಳಿದ ಕೂಡಲೇ ಮೊದಲು ಅದನ್ನೇ ಮುಗಿಸಿ, ಊರನ್ನು ಆಮೇಲೆ ನೋಡಿ. ಎಲ್ಲ ಬಂದರುಗಳಿಗೂ ಇದೇ ಕ್ರಮ ಒಳ್ಳೆಯದು: ದೂರದ್ದು ಮೊದಲು, ಹಡಗಿನ ಹತ್ತಿರದ್ದು ಕೊನೆಗೆ.

ಕೊಚ್ಚಿಯಲ್ಲಿ ಹಡಗು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ತೋಪ್ಪುಂಪಡಿ ಸೇತುವೆ ದಾಟಿ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗೆ ಆಟೊ ಅಥವಾ ಟ್ಯಾಕ್ಸಿ ಸಾಕು. ಚೀನೀ ಬಲೆಗಳು, ಡಚ್ ಅರಮನೆ, ಮಸಾಲೆ ಮಾರುಕಟ್ಟೆ ಎಲ್ಲ ಒಂದೇ ಸುತ್ತಿನಲ್ಲಿವೆ. ಯಹೂದಿ ಸಿನಗಾಗ್ ಶುಕ್ರವಾರ, ಶನಿವಾರ ಮುಚ್ಚಿರುತ್ತದೆ. ಮುನ್ನಾರ್ ಸುಮಾರು 130 ಕಿ.ಮೀ. ಘಟ್ಟದ ದಾರಿ. ಹಡಗಿನ ದಿನದಲ್ಲಿ ಅದರ ಹೆಸರು ಎತ್ತುವ ಚಾಲಕನ ಗಾಡಿ ಹತ್ತಬೇಡಿ.

ಗೋವಾದ ವಿಷಯದಲ್ಲಿ ನಮ್ಮ ಕಡೆಯವರಿಗೆ ಬೇರೆಯೇ ಮಾತು ಹೇಳಬೇಕು. ಮರ್ಮಗೋವಾ ಬಂದರು ವಾಸ್ಕೊ ಪರ್ಯಾಯ ದ್ವೀಪದ ತುದಿಯಲ್ಲಿದೆ. ಪಣಜಿ, ಹಳೇ ಗೋವಾ 30 ಕಿ.ಮೀ. ಮೇಲೆ, ಕಲಂಗುಟ್ 45 ಕಿ.ಮೀ. ಹತ್ತಿರ. ಹೊಸ ಜುವಾರಿ ಸೇತುವೆಯಾದ ಮೇಲೆ ದಾರಿ ಸಲೀಸಾಗಿದ್ದರೂ ಪಣಜಿ ದಾಟಿ ಪರ್ವರಿ ಏರುವಲ್ಲಿ ಗಾಡಿ ನಿಂತರೆ ನಿಂತದ್ದೇ. ಟ್ಯಾಕ್ಸಿ ದರವೂ ಮೇಲೆ. ದೆಹಲಿ, ಅಹಮದಾಬಾದಿನವರಿಗೆ ಅದು ಬೇಕಿರಬಹುದು. ಹುಬ್ಬಳ್ಳಿಯಿಂದ ಯಾವ ಶನಿವಾರ ಬೇಕಾದರೂ ಗೋವಾಕ್ಕೆ ಹೋಗಿಬರುವ ನಾವು ಹಡಗಿನ ದಿನ ಕಲಂಗುಟ್‌ಗೆ ಓಡುವುದರಲ್ಲಿ ಅರ್ಥವಿಲ್ಲ. ಹತ್ತಿರದ ಬೋಗ್ಮಾಳೊ ಬೀಚಿಗೆ ಹೋಗಿ ಬನ್ನಿ, ಇಲ್ಲವೇ ಹಡಗಿನಲ್ಲೇ ಉಳಿಯಿರಿ. ಜನರೆಲ್ಲ ಇಳಿದ ಮೇಲೆ ಈಜುಕೊಳ ಖಾಲಿ, ಊಟದ ಸಾಲು ಖಾಲಿ. ಮಕ್ಕಳಿಗೆ ಇಡೀ ಪ್ರವಾಸದಲ್ಲಿ ಅತಿ ಖುಷಿಯ ದಿನ ಅದೇ ಆಗಬಹುದು. ಮದ್ಯದ ಬಾಟಲಿ ತರುವವರು ಒಂದು ವಿಷಯ ತಿಳಿದಿರಲಿ. ಏಣಿಯ ತಪಾಸಣೆಯಲ್ಲಿ ಅದನ್ನು ತೆಗೆದಿಟ್ಟುಕೊಂಡು ಚೀಟಿ ಬರೆದುಕೊಡುವುದು ವಾಡಿಕೆ, ಅದಕ್ಕೂ ಸಾಲು ನಿಲ್ಲಬೇಕು.

ದೊಡ್ಡ ಗುಂಪು

ನಮ್ಮಲ್ಲಿ ಕ್ರೂಸ್‌ಗೆ ಹೊರಡುವುದು ಮೂರು-ನಾಲ್ಕು ಮನೆಯವರು ಕೂಡಿ, ಹದಿನೈದು-ಇಪ್ಪತ್ತು ಜನ. ಇಂಥ ಗುಂಪಿನ ವೇಗ ಅದರಲ್ಲಿ ಅತಿ ನಿಧಾನ ನಡೆಯುವವರ ವೇಗ. ಇಪ್ಪತ್ತು ಜನರನ್ನು ಗಾಡಿಗೆ ಹತ್ತಿಸಲು, ಎಣಿಸಲು, ಶೌಚಾಲಯಕ್ಕೆ ಹೋದವರನ್ನು ಕಾಯಲು ಪ್ರತಿ ನಿಲುಗಡೆಗೂ ಕಾಲು ತಾಸು ಹೆಚ್ಚು ಇಡಿ. ನಾಲ್ಕು ನಿಲುಗಡೆ ಎಂದರೆ ಒಂದು ತಾಸು ಅದಕ್ಕೇ ಹೋಯಿತು. ಎರಡು ನಿಲುಗಡೆಗೆ ಇಳಿಸುವುದು ಜಾಣತನ. ಖರೀದಿಯನ್ನು ಬಂದರಿನ ಹತ್ತಿರದ ಅಂಗಡಿಗೆ ಬಿಡಿ. ಹಿರಿಯರಿಗೆ, ತರುಣರಿಗೆ ಬೇರೆ ಬೇರೆ ಯೋಜನೆ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಎರಡು ಗಾಡಿಗಳಾದರೆ ಒಂದು ಇನ್ನೊಂದಕ್ಕಾಗಿ ದಾರಿಯಲ್ಲಿ ಕಾಯಬಾರದು, ನೇರ ಹಡಗಿಗೆ ಬರಬೇಕು ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ. ಒಬ್ಬರು ತಪ್ಪಿಸಿಕೊಂಡರೆ ಎಲ್ಲರೂ ಹುಡುಕುತ್ತ ನಿಂತು ಎಲ್ಲರೂ ಹಡಗು ಕಳೆದುಕೊಳ್ಳುವುದು ಬೇಡ. ಇಬ್ಬರು ಅಲ್ಲಿ ಉಳಿಯಲಿ, ಉಳಿದವರು ಹಡಗಿಗೆ ಹೋಗಿ ಸಿಬ್ಬಂದಿಗೆ ಹೇಳಲಿ. ಯಾರು ಎಲ್ಲಿದ್ದಾರೆ ಎಂದು ಹಡಗಿಗೆ ತಿಳಿದಿದ್ದರೆ ಹತ್ತು ನಿಮಿಷದ ದಾಕ್ಷಿಣ್ಯ ಸಿಗುವ ಸಾಧ್ಯತೆ ಇರುತ್ತದೆ. ಏನೂ ತಿಳಿಯದಿದ್ದರೆ ಅದೂ ಇಲ್ಲ.

ಹತ್ತುವ ಮೊದಲ ದಿನ

ಹಡಗು ಹತ್ತುವ ಊರಿಗೆ ಅದೇ ದಿನ ತಲುಪುವ ಯೋಜನೆ ಬೇಡ. ಹುಬ್ಬಳ್ಳಿಯಿಂದ ಮುಂಬೈಗೆ ರಾತ್ರಿ ಬಸ್ಸು ಹತ್ತಿದವರಿಗೆ ಹೆದ್ದಾರಿ ಕಾಮಗಾರಿ, ಖಂಡಾಲಾ ಘಾಟು, ನಗರದ ಬೆಳಗಿನ ಟ್ರಾಫಿಕ್ ಮೂರೂ ಎದುರಾಗುತ್ತವೆ. ಗೋವಾದಲ್ಲಿ ಹತ್ತುವವರಿಗೆ ವಾಸ್ಕೊ ರೈಲು ಅನುಕೂಲ. ಗದಗಿನವರಿಗೆ ಅಮರಾವತಿ ಎಕ್ಸ್‌ಪ್ರೆಸ್ ಅಲ್ಲಿಂದಲೇ ಸಿಗುತ್ತದೆ, ಆದರೆ ಅದು ಬಂಗಾಳದಿಂದ ಬರುವ ದೂರದ ಗಾಡಿ, ತಡವಾಗುವುದುಂಟು, ದಿನಾಲೂ ಇರುವುದಿಲ್ಲ. ಮಳೆಗಾಲದಲ್ಲಿ ಕ್ಯಾಸಲ್‌ರಾಕ್-ಕುಳೆಂ ಘಟ್ಟದಲ್ಲಿ ಗುಡ್ಡ ಜರಿದರೆ ಹಳಿ ಬಂದಾಗುತ್ತದೆ. ವಿಮಾನವಾದರೂ ಹಿಂದಿನ ದಿನದ್ದೇ ಇರಲಿ. ಒಂದು ರಾತ್ರಿಯ ಲಾಡ್ಜಿನ ಖರ್ಚು ಟಿಕೆಟ್ಟಿನ ಪಕ್ಕದಲ್ಲಿ ಏನೂ ಅಲ್ಲ.

ಕೈಚೀಲದಲ್ಲಿ ಇರಬೇಕಾದದ್ದು, ಹಡಗು ಹೋಗಿಬಿಟ್ಟರೆ ಮಾಡಬೇಕಾದದ್ದು

ಇಳಿಯುವಾಗ ಹಡಗಿನ ಕಾರ್ಡ್, ಪಾಸ್‌ಪೋರ್ಟಿನ ಮತ್ತು ವೀಸಾದ ಫೋಟೊ ಪ್ರತಿ, ಒಂದು ಅಂತರರಾಷ್ಟ್ರೀಯ ಕಾರ್ಡ್, ಸ್ವಲ್ಪ ಸ್ಥಳೀಯ ನಗದು, ಎರಡು ದಿನಕ್ಕಾಗುವಷ್ಟು ಬಿಪಿ-ಸಕ್ಕರೆ ಮಾತ್ರೆ, ಪವರ್ ಬ್ಯಾಂಕ್ ಇರಲಿ. ಇವಕ್ಕಿಂತ ಮುಖ್ಯವಾದದ್ದು ಒಂದು ಫೋನ್ ನಂಬರ್. ಪ್ರತಿ ಬಂದರಿನಲ್ಲೂ ಹಡಗಿನ ಕಂಪನಿಗೆ ಒಬ್ಬ ಪೋರ್ಟ್ ಏಜೆಂಟ್ ಇರುತ್ತಾನೆ, ಅವನ ಹೆಸರು-ನಂಬರ್ ದಿನದ ಕಾರ್ಯಕ್ರಮದ ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ತಡವಾಗುವುದು ಖಚಿತವಾದ ಕೂಡಲೇ, ಹಡಗು ಹೊರಡುವ ಮೊದಲೇ ಅವನಿಗೆ ಫೋನ್ ಮಾಡಿ. ಹಡಗಿನ ಕ್ಯಾಪ್ಟನ್ನನ್ನು ಮುಟ್ಟುವ ದಾರಿ ಅವನೊಬ್ಬನೇ. ಫೋನ್ ಮಾಡಬೇಕೆಂದರೆ ರೋಮಿಂಗ್ ಪ್ಯಾಕ್ ಇರಬೇಕು. ಸಮುದ್ರದಲ್ಲಿರುವಾಗ ಮಾತ್ರ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ, ಹಡಗಿನ ನೆಟ್‌ವರ್ಕ್‌ನ ದರ ಬೇರೆಯೇ ಆಗಿರುತ್ತದೆ.

ಏಣಿಯಲ್ಲಿ ಕಾರ್ಡ್ ತೋರಿಸಿ ಇಳಿದವರು, ಹತ್ತಿದವರು ಕಂಪ್ಯೂಟರಿನಲ್ಲಿ ದಾಖಲಾಗಿರುತ್ತಾರೆ. ಗಡುವು ಮುಗಿದಾಗ ಯಾರು ಬಂದಿಲ್ಲ ಎಂಬ ಪಟ್ಟಿ ಕೈಗೆ ಬರುತ್ತದೆ, ಹೆಸರು ಕೂಗುತ್ತಾರೆ, ಕೋಣೆಗೆ ಹೋಗಿ ನೋಡುತ್ತಾರೆ. ಇನ್ನೂ ಬಾರದಿದ್ದರೆ ಕೋಣೆಯ ತಿಜೋರಿಯಿಂದ ಪಾಸ್‌ಪೋರ್ಟ್ ತೆಗೆದು ಪೋರ್ಟ್ ಏಜೆಂಟನ ಕೈಗೆ ಕೊಟ್ಟು ಹೊರಡುವುದು ರೂಢಿ. ಆದ್ದರಿಂದ ಪಾಸ್‌ಪೋರ್ಟನ್ನು ಸೂಟ್‌ಕೇಸಿನ ಬಟ್ಟೆಗಳ ನಡುವೆ ಬಚ್ಚಿಡಬೇಡಿ, ತಿಜೋರಿಯಲ್ಲಿಡಿ. ಏಷ್ಯಾದ ಕೆಲವು ಕ್ರೂಸ್‌ಗಳಲ್ಲಿ ಹತ್ತುವಾಗಲೇ ಪಾಸ್‌ಪೋರ್ಟನ್ನು ಹಡಗಿನವರೇ ತೆಗೆದಿಟ್ಟುಕೊಳ್ಳುತ್ತಾರೆ.

ಭಾರತದೊಳಗಿನ ಬಂದರಿನಲ್ಲಿ ಉಳಿದುಹೋದರೆ ನಷ್ಟವಾಗುವುದು ಹಣ ಮತ್ತು ಮನಸ್ಸಿನ ಸಮಾಧಾನ. ಕೊಚ್ಚಿಯಿಂದಲೋ ಗೋವಾದಿಂದಲೋ ಮನೆಗೆ ಬರಬಹುದು, ಸಾಮಾನು ಆಮೇಲೆ ಬರುತ್ತದೆ. ಬೇರೆ ದೇಶದಲ್ಲಿ ಉಳಿದರೆ ಪ್ರಶ್ನೆ ವೀಸಾದ್ದು. ಮುಂದಿನ ಬಂದರಿನ ದೇಶಕ್ಕೆ ವಿಮಾನದಲ್ಲಿ ಇಳಿಯಲು ನಮ್ಮ ಪಾಸ್‌ಪೋರ್ಟಿಗೆ ಅನುಮತಿ ಇದೆಯೇ? ಸಿಂಗಾಪುರದಿಂದ ಹೊರಟು ಸಿಂಗಾಪುರಕ್ಕೇ ಮರಳುವವರ ವೀಸಾ ಹಲವು ಸಲದ ಪ್ರವೇಶದ್ದು ಆಗಿರಬೇಕು. ಯೂರೋಪಿನ ಸುತ್ತಿನಲ್ಲಿ ಷೆಂಗೆನ್ (ಒಂದೇ ವೀಸಾ ನಡೆಯುವ ಯೂರೋಪ್ ದೇಶಗಳ ಕೂಟ) ಹೊರಗಿನ ಬಂದರು ನಡುವೆ ಬಂದರೆ ಅಲ್ಲಿಯೂ ಇದೇ ಮಾತು. ಇದನ್ನು ಟಿಕೆಟ್ ತೆಗೆಯುವಾಗಲೇ ಏಜೆಂಟರ ಹತ್ತಿರ ಬಂದರು ಬಂದರಾಗಿ ಕೇಳಿ ಬರೆದುಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ಹಡಗು ತಪ್ಪಿದ್ದಕ್ಕೆ ಪರಿಹಾರ ಎಂದು ಇದ್ದರೂ ಯಾವ ಕಾರಣಕ್ಕೆ ತಪ್ಪಿದರೆ ಕೊಡುತ್ತಾರೆಂದು ಓದಿ. ಅಪಘಾತ, ರೈಲು ರದ್ದು ಒಂದು ಮಾತು, ಅಂಗಡಿಯಲ್ಲಿ ಹೊತ್ತು ಹೋಗಿದ್ದು ಬೇರೆ ಮಾತು. ರೈಲು ರದ್ದಾಗಿದ್ದರೆ ನಿಲ್ದಾಣದ ಫಲಕದ ಫೋಟೊ, ಗಾಡಿ ಕೆಟ್ಟಿದ್ದರೆ ಚಾಲಕನ ಚೀಟಿ ಆಗಲೇ ಸಂಗ್ರಹಿಸಿ. ಪಾಸ್‌ಪೋರ್ಟೇ ಕಳೆದಿದ್ದರೆ ಭಾರತೀಯ ದೂತಾವಾಸ ತುರ್ತು ಪ್ರಮಾಣಪತ್ರ ಕೊಡುತ್ತದೆ. ಆದರೆ ಅದು ಭಾರತಕ್ಕೆ ಮರಳುವ ಒಂದೇ ಸಲದ ಪ್ರಯಾಣಕ್ಕೆ, ಅದನ್ನು ಹಿಡಿದು ಮುಂದಿನ ಬಂದರಿನಲ್ಲಿ ಹಡಗು ಹತ್ತಲು ಆಗುವುದಿಲ್ಲ.